ಗೋಡೆಗೆ ಮೊಳೆ ಹೊಡಿಬಾರ್ದು, ಬೆಂಚಿಗೆ ಬೆಳಕು ಬೇಕು: ಕೋಡಿಬಾಗದ ಬಾಡಿಗೆ ಮನೆಯ ಲೈಟ್ ಕೆಲಸ

ಮರಗೆಲಸ, ರಿಪೇರಿ ಮಾಡೋ ಬೆಂಚಿನ ಲೈಟ್ ಕೆಲಸ ಅಂತೂ ಒಂದು ಹಂತಕ್ಕೆ ಬಂತು. ಮರೆಯೋ ಮೊದ್ಲು ಅಳತೆ, ಖರ್ಚು, ಎಲ್ಲೆಲ್ಲಿ ಕೆಟ್ಟಿತು ಎಲ್ಲ ಬರೆದಿಡ್ತಿದ್ದೀನಿ. ಬಾಡಿಗೆ ಮನೇಲಿ ಮರಗೆಲಸ, ರಿಪೇರಿ ಅಂತ ಏನಾದ್ರೂ ಮಾಡ್ಕೊಂಡಿರೋರು ಇದ್ರೆ ಮೊದಲ ಎರಡು ಹಂತ ಓದಿ ನಕ್ಕು ಸೀದಾ ಮೂರನೇದಕ್ಕೆ ಹೋಗ್ಬಹುದು, ದುಡ್ಡು ಉಳಿಯುತ್ತೆ.

ಜಾಗ ಕಾರವಾರದ ಕೋಡಿಬಾಗ, ಅಪಾರ್ಟ್‌ಮೆಂಟಿನ ಎರಡನೇ ಮಹಡಿ, ಹಿಂದಿನ ಸಣ್ಣ ರೂಮು, 10 ಅಡಿಗೆ 9 ಅಡಿ. ಬೆಂಚು 4 ಅಡಿ ಉದ್ದ, 2 ಅಡಿ ಅಗಲ, 34 ಇಂಚು ಎತ್ತರ, ನಾನೇ ಮಾಡಿದ್ದು. ಮೇಲೆ ನಡೆಯೋ ಕೆಲಸ ಅಂದ್ರೆ ಹಳೇ ಮಣೆ, ಸ್ಟೂಲು, ಪೆಟ್ಟಿಗೆ ರಿಪೇರಿ, ಮಧ್ಯೆ ಮಧ್ಯೆ ಯಾರದ್ದೋ ಮಿಕ್ಸಿ, ರೇಡಿಯೋ. ಕಿಟಕಿ ಒಂದಿದೆ ಆದ್ರೆ ಎದುರಿಗೇ ಪಕ್ಕದ ಕಂಪೌಂಡಿನ ತೆಂಗಿನಮರಗಳು, ಮಳೆಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲೆ. ಬಾಗಿಲ ಮೇಲೆ ಒಂದು 9 ವ್ಯಾಟಿನ ಬಲ್ಬು, ಅಷ್ಟೇ ಇದ್ದ ಬೆಳಕು.

ಓನರ್ ನಿವೃತ್ತ ಮಾಸ್ತರ್ರು, ಕೆಳಗಿನ ಮನೇಲೇ ಇರೋದು. ಬಹಳ ಒಳ್ಳೆಯವರು, ಸಂಜೆ ಹೊತ್ತು ಟಕ್ ಟಕ್ ಅಂದ್ರೂ ಏನೂ ಅನ್ನೋದಿಲ್ಲ, ಆದ್ರೆ ಬಾಡಿಗೆಗೆ ಬಂದ ದಿನವೇ ಹೇಳಿಬಿಟ್ಟಿದ್ರು, "ತಮಾ, ಎಂತ ಬೇಕಾದ್ರೂ ಮಾಡ್ಕೋ, ಗೋಡೆಗೆ ಮಾತ್ರ ಡ್ರಿಲ್ ಹಾಕ್ಬೇಡ." ಹಿಂದಿದ್ದವರು ಒಂದು ಟಿವಿ ಸ್ಟ್ಯಾಂಡಿಗೆ ಅಂತ ಅರ್ಧ ಗೋಡೆ ಉದುರಿಸಿಟ್ಟು ಹೋಗಿದ್ರಂತೆ. ನ್ಯಾಯವಾದ ಮಾತೇ.

ಜೂನ್: ಮೊದಲು ಅಳತೆ, ಆಮೇಲೆ ಅವಸರ

ಫೋನಿಗೆ, ಬೀಳೋ ಬೆಳಕನ್ನ ಲಕ್ಸ್ ಅನ್ನೋ ಅಳತೇಲಿ ತೋರಿಸೋ ಲಕ್ಸ್ ಮೀಟರ್ ಆ್ಯಪ್ ಹಾಕ್ಕೊಂಡೆ. ಅದರ ನಂಬರು ಪಕ್ಕಾ ಅಲ್ಲ, ಒಂದೊಂದು ಫೋನಲ್ಲಿ ಒಂದೊಂದು ತೋರಿಸುತ್ತೆ, ಆದ್ರೆ ಅದೇ ಫೋನು ಅದೇ ಜಾಗದಲ್ಲಿಟ್ಟು ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯ್ತು ಅಂತ ನೋಡ್ಲಿಕ್ಕೆ ಧಾರಾಳ ಸಾಕು. ಬೆಂಚಿನ ನಡುಮಧ್ಯೆ ಪೆನ್ಸಿಲಿನಿಂದ ಚೌಕ ಹಾಕಿ ಯಾವಾಗ್ಲೂ ಅಲ್ಲೇ ಫೋನ್ ಮಲಗಿಸಿ ಅಳೆದೆ. ರಾತ್ರಿ ಬಲ್ಬ್ ಹಾಕಿದ್ರೆ 45. ಕಣ್ಣಿಗೆ ಕೆಲಸ ಇರೋ ಬೆಂಚಿಗೆ 500ರ ಹತ್ರ ಇರಬೇಕು ಅಂತ ಸಾಮಾನ್ಯವಾಗಿ ಹೇಳೋದು, ಅದಕ್ಕೆ ಹೋಲಿಸಿದ್ರೆ ನಾನು ಇಷ್ಟು ದಿನ ಬೆರಳು ಉಳಿಸ್ಕೊಂಡಿದ್ದೇ ದೊಡ್ಡದು.

ಅಳತೆ ಮಾಡಿದವ ಅಲ್ಲೇ ಸ್ವಲ್ಪ ಯೋಚನೆ ಮಾಡ್ಬೇಕಿತ್ತು, ಮಾಡ್ಲಿಲ್ಲ. ಬೆಳಕು ಕಡಿಮೆ ಅಂದ್ರೆ ದೊಡ್ಡ ಲೈಟ್ ಹಾಕೋದು ಅಂತ ಪೇಟೆಗೆ ಹೋಗಿ 20 ವ್ಯಾಟಿನ 4 ಅಡಿ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟ್ ತರದ್ದು) ತಂದೆ, 260 ರೂಪಾಯಿ. ಹಳೇ ಟ್ಯೂಬ್‌ಲೈಟಿನ ಪಾಯಿಂಟು ಬೆಂಚಿನ ಎದುರಿನ ಗೋಡೇಲಿ ಇತ್ತು, ಅಂದ್ರೆ ನಾನು ಬೆಂಚಿಗೆ ಮುಖ ಮಾಡಿ ನಿಂತ್ರೆ ನನ್ನ ಬೆನ್ನ ಹಿಂದೆ, ಹಳೇ ಸ್ಕ್ರೂ ತೂತಿಗೇ ಕೂರ್ತು. ಮೀಟರ್ ನೋಡಿದ್ರೆ 140. ಖುಷಿಯಾಗಿ ಗರಗಸ ತಗೊಂಡು ನಿಂತೆ, ಮಾರ್ಕ್ ಮಾಡಿದ ಗೆರೆ ಮಾಯ. ನನ್ನ ನೆರಳೇ ಬೆಂಚಿನ ಮೇಲೆ ಮಲಗಿದೆ. ನಿಂತ್ಕೊಂಡೇ ಮತ್ತೆ ಅಳೆದೆ, 60. ಅಂದ್ರೆ ದುಪ್ಪಟ್ಟು ವ್ಯಾಟ್ ಹಾಕಿ ನಿಜವಾಗಿ ಸಿಕ್ಕಿದ್ದು 15 ಲಕ್ಸ್!

ಹಾಗಾಗಿ ಅಳತೆ ಮಾಡುವಾಗ ಪಕ್ಕದಲ್ಲಿ ನಿಂತು ಅಳೀಬೇಡಿ. ಕೆಲಸ ಮಾಡೋವಾಗ ಹೇಗೆ ಬಗ್ತೀರೋ ಹಾಗೇ ಬಗ್ಗಿ ಅಳೀರಿ, ಆ ನಂಬರು ಮಾತ್ರ ನಿಜ.

ಇನ್ನೊಂದು ತಲೆನೋವು ಬಣ್ಣದ್ದು. ಅದೇ ವಾರ ಸ್ನೇಹಿತನ ಮನೆಯ ಹಲಸಿನ ಮಣೆಗೆ ಒಂದು ಕಾಲು ಹೊಸದಾಗಿ ಕೂರಿಸಿ, ರಾತ್ರಿ ಈ ಬ್ಯಾಟನ್ ಬೆಳಕಲ್ಲೇ ಕೂತು ಹಳೇ ಕಾಲಿನ ಬಣ್ಣಕ್ಕೆ ಪಾಲಿಶ್ ಸರಿಹೊಂದಿಸಿದ್ದೆ, ಸ್ವಲ್ಪ ಸ್ವಲ್ಪ ಕೆಂಪು ಸೇರಿಸಿ, ಒರೆಸಿ, ಮತ್ತೆ ಹಚ್ಚಿ, ಯಾವ ಕಾಲು ಹೊಸತು ಅಂತ ನನಗೇ ಗೊತ್ತಾಗದಷ್ಟು ಚೆಂದ ಬಂದಿತ್ತು. ಬೆಳಿಗ್ಗೆ ಬಾಲ್ಕನಿಗೆ ತಂದು ಇಟ್ರೆ ಮೂರು ಕಾಲು ಜೇನಿನ ಬಣ್ಣ, ಒಂದು ಕಾಲು ಕೆಂಪು ಕೆಂಪು. ಬ್ಯಾಟನ್ ಡಬ್ಬಿ ತೆಗೆದು ಓದಿದೆ, 6500 ಕೆಲ್ವಿನ್, ಸಿಆರ್‌ಐ 80ಕ್ಕಿಂತ ಹೆಚ್ಚು ಅಂತ ಇತ್ತು. ಕೆಲ್ವಿನ್ ಅಂದ್ರೆ ಬೆಳಕಿನ ಛಾಯೆ, ನಂಬರು ಹೆಚ್ಚಾದಷ್ಟು ನೀಲಿ ಬಿಳಿ, ಕಡಿಮೆಯಾದಷ್ಟು ಹಳದಿ. ಸಿಆರ್‌ಐ ಅಂದ್ರೆ ಆ ಬೆಳಕಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣ್ತವೆ ಅನ್ನೋದಕ್ಕೆ ನೂರರೊಳಗಿನ ಅಂಕ. ಮನೆಗೆ ಅದು ಸಾಕು. ಆದ್ರೆ ಇಂಥ ಸಾಧಾರಣ ಎಲ್‌ಇಡಿ ಬೆಳಕಲ್ಲಿ ಕೆಂಪಿನ ಅಂಶ ಕಡಿಮೆ ಇರುತ್ತೆ, ಮರದ ಕೆಂಪು ಕಣ್ಣಿಗೆ ಸರಿ ಕಾಣೋದಿಲ್ಲ, ನಾವು ಇನ್ನೂ ಬೇಕು ಅಂತ ಸುರೀತಾ ಹೋಗ್ತೀವಿ. ಆ ಕಾಲನ್ನ ಪಾಲಿಶ್ ಪೇಪರ್ ಹಾಕಿ ತಿಕ್ಕಿ ಮೊದಲಿಂದ ಮಾಡ್ಬೇಕಾಯ್ತು. ಅವತ್ತಿಂದ ಲೈಟ್ ತಗೊಂಡ್ರೆ ಸಿಆರ್‌ಐ 90ರ ಮೇಲಿರ್ಬೇಕು, ಬಣ್ಣ 4000 ಕೆಲ್ವಿನ್ ಇರ್ಬೇಕು ಅಂತ ತೀರ್ಮಾನ.

ಜುಲೈ: ಟೇಪಿನ ಭರವಸೆ

ಈ ಸಲ ರಿಬ್ಬನ್ ತರ ಇರೋ ಎಲ್‌ಇಡಿ ಸ್ಟ್ರಿಪ್ ಹಾಕೋಣ ಅಂದ್ಕೊಂಡೆ. ಕಾರವಾರದಲ್ಲಿ ಕೇಳಿದ ಅಂಗಡೀಲಿ ಸಿಆರ್‌ಐ 90ರ ಸ್ಟ್ರಿಪ್ ಇರ್ಲಿಲ್ಲ, ಆನ್‌ಲೈನಲ್ಲಿ ತರಿಸಿದೆ. 12 ವೋಲ್ಟು, ಮೀಟರಿಗೆ 120 ಎಲ್‌ಇಡಿ, ಮೀಟರಿಗೆ 9.6 ವ್ಯಾಟ್, 5 ಮೀಟರ್ ರೋಲು, 1350 ರೂಪಾಯಿ. ಜೊತೆಗೆ ಹಾಲುಬಣ್ಣದ ಮುಚ್ಚಳ ಇರೋ ಅಲ್ಯುಮಿನಿಯಂ ಪ್ರೊಫೈಲು, ಅಂದ್ರೆ ಸ್ಟ್ರಿಪ್ ಒಳಗೆ ಕೂರಿಸೋ ಉದ್ದನೆ ಕಾಲುವೆ, 2 ಮೀಟರಿನ ಎರಡು ತುಂಡು, 840. ಪ್ರೊಫೈಲ್ ಯಾಕೆ ಅಂದ್ರೆ ಸ್ಟ್ರಿಪ್ ಬಿಸಿಯಾಗುತ್ತೆ, ಬರೀ ಮರದ ಮೇಲೆ ಅಂಟಿಸಿದ್ರೆ ಬಿಸಿ ಹೋಗೋ ದಾರಿ ಇಲ್ಲದೆ ಬೇಗ ಮಂಕಾಗುತ್ತೆ, ಮತ್ತೆ ಮುಚ್ಚಳ ಇಲ್ಲದಿದ್ರೆ ಉಳಿಯ ಅಲಗಿನ ಮೇಲೆ ನೂರು ಚುಕ್ಕಿ ಬೆಳಕು ಕುಣಿಯುತ್ತೆ.

ಪ್ರೊಫೈಲನ್ನ ಹ್ಯಾಕ್ಸಾದಲ್ಲಿ 4 ಅಡಿಗೆ ಕತ್ತರಿಸಿ ಬೆಂಚಿನ ಹಿಂದಿನ, ಅಂದ್ರೆ ನಿಂತಾಗ ನನ್ನ ಮುಖದ ಎದುರಿಗಿರೋ ಗೋಡೆಗೆ ಡಬಲ್ ಸೈಡ್ ಟೇಪಲ್ಲಿ ಅಂಟಿಸಿದೆ. ಮಾಮೂಲಿ ಟೇಪಲ್ಲ, ಬೂದು ಬಣ್ಣದ ದಪ್ಪದ್ದು, 340 ರೂಪಾಯಿ ಕೊಟ್ಟು. ಗೋಡೆ ಒರೆಸಿ, ಒಣಗಿಸಿ, ಒತ್ತಿ ಹಿಡಿದು, ಎಲ್ಲ ಶಾಸ್ತ್ರೋಕ್ತ. ಟೇಪ್ ಮಾತು ಉಳಿಸ್ಕೊಂಡಿತು ಅಂತ್ಲೇ ಹೇಳ್ಬೇಕು, ಪ್ರೊಫೈಲನ್ನ ಅದು ಬಿಡ್ಲೇ ಇಲ್ಲ. ಬಿಟ್ಟಿದ್ದು ಗೋಡೆ. ನಮ್ಮ ಕರಾವಳಿ ಮಳೆಗಾಲ ಗೊತ್ತಲ್ಲ, ಗೋಡೆ ಒಳಗಿಂದ ತೇವ ಎಳೆದಿರುತ್ತೆ, ಮೇಲಿದ್ದದ್ದು ಡಿಸ್ಟೆಂಪರ್. ಒಂದು ರಾತ್ರಿ ಧಡ್ ಅಂತ ಸದ್ದು, ಎದ್ದು ಹೋಗಿ ನೋಡಿದ್ರೆ ಪ್ರೊಫೈಲ್ ವಯರಿಗೆ ನೇತಾಡ್ತಾ ಇದೆ, ಟೇಪಿನ ಹಿಂದೆ ನಾಲ್ಕಡಿ ಉದ್ದದ ಬಣ್ಣದ ಪಟ್ಟಿ ಹಪ್ಪಳದ ಹಾಗೆ ಕಿತ್ಕೊಂಡು ಬಂದಿದೆ.

ಬೆಳಿಗ್ಗೆ ನಾನೇ ಕೆಳಗೆ ಹೋಗಿ ಮಾಸ್ತರ್ರಿಗೆ ಹೇಳಿದೆ. ಮೇಲೆ ಬಂದು ಗೋಡೆ ನೋಡಿದ್ರು, ಬೆರಳಲ್ಲಿ ಕೆರೆದ್ರು.

"ಡ್ರಿಲ್ ಹಾಕ್ಬೇಡ ಅಂದಿದ್ದೆ, ನೀ ಚರ್ಮನೇ ಸುಲಿದ್ಯಲ್ಲೋ ತಮಾ."

"ಮಳೆ ಬಿಟ್ಟ ಮೇಲೆ ಪುಟ್ಟಿ ಹಾಕಿ ಬಣ್ಣ ಹೊಡ್ಸಿ ಕೊಡ್ತೆ ಮಾಸ್ತರ್ರೇ."

"ಈಗ ಬೇಡ, ನವೆಂಬರಿಗೆ ಹೊಡಿ, ಈಗ ಹೊಡೆದ್ರೆ ಅದೂ ಬರ್ತದೆ" ಅಂದ್ರು. ಆ ಕೆಲಸ ಇನ್ನೂ ಬಾಕಿ ಪಟ್ಟೀಲಿದೆ.

ಇದೇ ಹಂತದಲ್ಲಿ ಇನ್ನೆರಡು ಕೆಟ್ಟ ಖರೀದಿ. ಒಂದು, ಸ್ಟ್ರಿಪ್ ತುಂಡುಗಳನ್ನ ಜೋಡಿಸ್ಲಿಕ್ಕೆ ಬೆಸುಗೆ ಬೇಡ, ಒತ್ತಿದ್ರೆ ಸಾಕು ಅನ್ನೋ ಕ್ಲಿಪ್ ಕನೆಕ್ಟರ್, 100 ರೂಪಾಯಿ. ಸಮುದ್ರ ಹತ್ರ ಇರೋ ಮನೇಲಿ ಉಪ್ಪಿನ ಗಾಳಿಗೆ ತಾಮ್ರ ಹಸಿರು ತಿರುಗ್ಲಿಕ್ಕೆ ಜಾಸ್ತಿ ದಿನ ಬೇಕಿಲ್ಲ, ಬೆಂಚಿನ ಮೇಲೆ ಸುತ್ತಿಗೆ ಹೊಡೆದಾಗೆಲ್ಲ ಲೈಟು ಪಿಳಿಪಿಳಿ ಅನ್ನೋಕೆ ಶುರು. ಎರಡನೇದು ಎಸ್‌ಎಂಪಿಎಸ್, ಅಂದ್ರೆ 230 ವೋಲ್ಟನ್ನ 12 ವೋಲ್ಟ್ ಮಾಡಿ ಕೊಡೋ, ತೂತುತೂತು ತಗಡಿನ ಡಬ್ಬಿ ಬರುತ್ತಲ್ಲ ಅದು, 380 ರೂಪಾಯಿ. ಅಗ್ಗ ಅಂತ ತಂದೆ. ಬಿಚ್ಚಿ ನೋಡಿದ್ರೆ ಒಳಗೆ ಮರದ ಹುಡಿ ಪದರ ಕಟ್ಟಿತ್ತು, ಮೇಲಾಗಿ 230 ವೋಲ್ಟಿನ ಸ್ಕ್ರೂಗಳು ಹೊರಗೇ ಕಾಣೋ ಹಾಗಿರ್ತವೆ, ಡಬ್ಬಿಗೆ ಅರ್ತಿಂಗ್ ಕೊಡ್ಲೇಬೇಕು. ಮರದ ಹುಡಿ ಹಾರೋ ರೂಮಲ್ಲಿ ಇದನ್ನ ಇಡ್ಲೇಬಾರ್ದು. ಬದಲಿಗೆ ಲ್ಯಾಪ್‌ಟಾಪ್ ಚಾರ್ಜರ್ ತರ ಪೂರ್ತಿ ಮುಚ್ಚಿರೋ 12 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ತಂದೆ, 550. ಈಗ 230 ವೋಲ್ಟಿನ ವಯರನ್ನ ನಾನು ಎಲ್ಲೂ ಮುಟ್ಟೋ ಹಾಗೇ ಇಲ್ಲ, ಪ್ಲಗ್ ಹಾಕಿದ್ರೆ ಆಯ್ತು.

ಆಗಸ್ಟ್: ಲೈಟು ಗೋಡೇದಲ್ಲ, ಬೆಂಚಿಂದು

ಟೇಪ್ ಬಿದ್ದ ಮೇಲೆ ತಲೆಗೆ ಹೊಳೆದಿದ್ದು ಇಷ್ಟೇ, ಮನೆ ನಂದಲ್ಲ, ಬೆಂಚು ನಂದು. ಗೋಡೆಗೆ ತೂತು ಹಾಕ್ಬಾರ್ದು ಸರಿ, ಬೆಂಚಿಗೆ ಹಾಕಿದ್ರೆ ಕೇಳೋರ್ಯಾರು? ಮನೆ ಬಿಟ್ಟಾಗ ಲೈಟೂ ಬೆಂಚಿನ ಜೊತೆಗೇ ಲಾರಿ ಹತ್ತುತ್ತೆ.

ಸಾಮಿಲ್ಲಿಂದ 2 ಇಂಚು 1 ಇಂಚಿನ ರೀಪು ತಂದೆ, 160 ರೂಪಾಯಿ. ಬೆಂಚಿನ ಹಿಂದಿನ ಎರಡು ಕಾಲಿಗೆ ಒಂದೊಂದು ನೆಟ್ಟಗೆ ನಿಲ್ಲಿಸಿದೆ, ಪ್ರತಿಯೊಂದಕ್ಕೂ 8 ಎಂಎಂ ಬೋಲ್ಟ್ ಎರಡೆರಡು. ರೀಪಿನ ಮೇಲಿನ ತುದಿಯಿಂದ ಮುಂದಕ್ಕೆ ಚಾಚೋ ಹಾಗೆ 40 ಸೆಂಟಿಮೀಟರಿನ ಅಡ್ಡತೋಳು, ಮೂಲೆಗೆ ಒಂದು ತ್ರಿಕೋನದ ತುಂಡು ಕೊಟ್ಟು ಬಿಗಿ ಮಾಡಿದೆ. ಎರಡು ತೋಳಿನ ಮೇಲೆ ಅಡ್ಡಲಾಗಿ ಪ್ರೊಫೈಲುಗಳು, ಒಂದು ಬೆಂಚಿನ ಹಿಂದಿನ ಅಂಚಿನ ನೇರಕ್ಕೆ, ಇನ್ನೊಂದು ಅದಕ್ಕಿಂತ 35 ಸೆಂಟಿಮೀಟರ್ ಮುಂದೆ. ಅದಕ್ಕಿಂತ ಮುಂದೆ ತಂದ್ರೆ ಬಗ್ಗಿದಾಗ ತಲೆ ಅಡ್ಡ ಬಂದು ಅದೇ ಹಳೇ ನೆರಳಿನ ಕತೆ.

ನಟ್ಟು ಬೋಲ್ಟು ಎಲ್ಲ ಸ್ಟೀಲ್, 304 ದರ್ಜೆಯದ್ದು, 120 ರೂಪಾಯಿ. ಇದೇ ಬೆಂಚಿಗೆ ಮೊದಲು ಹಾಕಿದ್ದ ಸಾದಾ ಕಬ್ಬಿಣದ ಸ್ಕ್ರೂಗಳು ಒಂದು ಮಳೆಗಾಲ ಕಳೆಯೋದ್ರೊಳಗೆ ತಲೆ ಕರಗಿ ಕೂತಿವೆ, ಬಿಚ್ಚೋಕೂ ಬರೋದಿಲ್ಲ. ಕೋಡಿಬಾಗದಲ್ಲಿ ಇಪ್ಪತ್ತು ರೂಪಾಯಿ ಉಳಿಸೋ ಜಾಗ ಇದಲ್ಲ.

ಸ್ಟ್ರಿಪ್ಪನ್ನ ಮೂರು ಎಲ್‌ಇಡಿಗೊಂದು ಕಡೆ, ಅಂದ್ರೆ ಎರಡೂವರೆ ಸೆಂಟಿಮೀಟರಿಗೊಂದು ಕಡೆ ಕತ್ತರಿಸ್ಬಹುದು, ಅಲ್ಲಿ ಗುರುತು ಇರುತ್ತೆ. ಒಂದು ಮೀಟರ್ 20 ಸೆಂಟಿಮೀಟರಿನ ಎರಡು ತುಂಡು ಮಾಡಿ, 25 ವ್ಯಾಟಿನ ಕಾವಿಯಲ್ಲಿ (ಸೋಲ್ಡರಿಂಗ್ ಐರನ್) ನೇರವಾಗಿ ವಯರ್ ಬೆಸೆದೆ. ತಾಮ್ರದ ಪಟ್ಟಿ ತುಂಬಾ ಸಣ್ಣದು, ಕಾವಿ ಎರಡು ಸೆಕೆಂಡಿಗಿಂತ ಜಾಸ್ತಿ ಇಟ್ರೆ ಪಟ್ಟಿ ಎದ್ದು ಬರುತ್ತೆ, ಒಂದು ಹಾಗೆ ಹೋಯ್ತು. ಮೊದಲು ಪಟ್ಟಿಗೆ ಸ್ವಲ್ಪ ಬೆಸುಗೆ ಸೀಸ ಹಿಡಿಸಿ, ವಯರಿನ ತುದಿಗೂ ಹಿಡಿಸಿ, ಆಮೇಲೆ ಎರಡನ್ನೂ ತಾಗಿಸಿ ಕಾವಿ ಮುಟ್ಟಿಸಿ ತೆಗೆದ್ರೆ ಸರಿಯಾಗಿ ಕೂರುತ್ತೆ. ಬೆಸುಗೆ ಹಿಡಿಯೋಕೆ ಹಚ್ಚೋ ಫ್ಲಕ್ಸ್ ಆಸಿಡ್ ಇರೋದು ಬೇಡ, ರೋಸಿನ್ ಫ್ಲಕ್ಸ್ ಮಾತ್ರ, ಇಲ್ಲಾಂದ್ರೆ ಉಪ್ಪುಗಾಳಿ ಮಾಡೋ ಕೆಲಸ ಆಸಿಡ್ಡೇ ಮುಗಿಸುತ್ತೆ. ಬೆಸುಗೆ ಮೇಲೆ ಮನೇಲಿದ್ದ ಬಣ್ಣ ಇಲ್ಲದ ನೇಲ್ ಪಾಲಿಶ್ ಹಚ್ಚಿ ಅದರ ಮೇಲೆ ಸ್ಲೀವ್ ಹಾಕಿದೆ. ನೇಲ್ ಪಾಲಿಶ್ ಯಾಕೆ ಖಾಲಿ ಆಗ್ತಿದೆ ಅಂತ ಮನೇಲಿ ವಿಚಾರಣೆ ನಡೀತಾ ಇದೆ. ವಯರು, ಪಿನ್ನು, ಸ್ಲೀವ್ ಎಲ್ಲ ಸೇರಿ 180.

ಎತ್ತರ ಮೊದಲು ಬೆಂಚಿನಿಂದ 75 ಸೆಂಟಿಮೀಟರ್ ಇಟ್ಟಿದ್ದೆ. ಬಗ್ಗಿ ನಿಂತು ಅಳೆದ್ರೆ 640! ಆದ್ರೆ ನೆಟ್ಟಗೆ ನಿಂತ ಕೂಡ್ಲೇ ಮುಂದಿನ ಪ್ರೊಫೈಲ್ ಸೀದಾ ಕಣ್ಣಿಗೇ ಹೊಡೀತಿತ್ತು, 34 ಇಂಚಿನ ಬೆಂಚಿನ ಮೇಲೆ 75 ಸೆಂಟಿಮೀಟರ್ ಅಂದ್ರೆ ನನ್ನ ಕಣ್ಣಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ ಅಷ್ಟೇ. ಎರಡು ದಿನ ಸಹಿಸ್ಕೊಂಡೆ, ತಲೆನೋವು ಬಂತು. ರೀಪಿಗೆ ಹೊಸ ತೂತು ಹಾಕಿ 90ಕ್ಕೆ ಏರಿಸಿದೆ, ಮುಂದಿನ ಪ್ರೊಫೈಲಿನ ನನ್ನ ಕಡೆ ಅಂಚಿಗೆ ಎರಡು ಇಂಚಿನ ಪ್ಲೈವುಡ್ ಪಟ್ಟಿ ಮರೆ ಕೊಟ್ಟೆ. ಲಕ್ಸ್ 520ಕ್ಕೆ ಇಳೀತು, ಕಣ್ಣು ಮಾತ್ರ ಹಾಯಾಗಿದೆ. ಆಮೇಲೆ ಬೆಂಚಿನ ಹಿಂದೆ, ಬಣ್ಣ ಕಿತ್ತ ಜಾಗ ಮುಚ್ಚೋಕೆ ಅಂತ ರೀಪಿಗೇ ಒಂದು ಬಿಳಿ ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟ್ ನೇತುಹಾಕಿದೆ, ಹಳೇ ಬ್ಯಾನರಿನ ಹಿಂಬದಿ, ಖರ್ಚಿಲ್ಲ, ಅದರಿಂದ ಸುಮಾರು 40 ಲಕ್ಸ್ ಹೆಚ್ಚಾಯ್ತು. ಬಿಳಿ ಗೋಡೆಗೆ ಇಷ್ಟು ಬೆಲೆ ಇದೆ ಅಂತ ಗೊತ್ತಿರ್ಲಿಲ್ಲ.

ನನ್ನ ಬೆನ್ನ ಹಿಂದಿನ ಗೋಡೆಯ ಬ್ಯಾಟನ್ ಹಾಗೇ ಇದೆ, ಅದನ್ನೂ ಉರಿಸ್ತೀನಿ. ಬೆಂಚು ಮಾತ್ರ ಬೆಳಗಿ ಉಳಿದ ರೂಮ್ ಕತ್ತಲೆ ಇದ್ರೆ ಕೆಳಗೆ ಬಿದ್ದ ಸ್ಕ್ರೂ ಹುಡುಕೋಕೆ ಆಗೋದಿಲ್ಲ, ಕಣ್ಣಿಗೂ ಕಷ್ಟ. ಆದ್ರೆ ಆ ಬ್ಯಾಟನ್ನನ್ನ ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದ್ರೆ ಮಿಣಮಿಣ ಅನ್ನುತ್ತೆ, ಸೆಕೆಂಡಿಗೆ ನೂರು ಸಲ ಏರಿಳಿತ ಇದೆ, ಹೊಸ ಸ್ಟ್ರಿಪ್ ಹಾಗೆ ಮಾಡೋದಿಲ್ಲ. ತಿರುಗೋ ಡ್ರಿಲ್ಲಿನ ಮೇಲೆ ಮಿಣುಕೋ ಬೆಳಕೊಂದೇ ಬಿದ್ರೆ ಬಿಟ್ ನಿಧಾನ ತಿರುಗ್ತಿರೋ ಹಾಗೆ ಕಾಣ್ಬಹುದು, ಹಾಗಾಗಿ ಡ್ರಿಲ್ ಹಿಡಿಯೋವಾಗ ಬೆಂಚಿನ ಲೈಟ್ ಇರ್ಲೇಬೇಕು.

ಅಡ್ಡ ಬೆಳಕು

ಇಷ್ಟಾದ ಮೇಲೂ ಒಂದು ಕೊರತೆ ಉಳೀತು. ಮೇಲಿಂದ ಎರಡು ಉದ್ದ ಲೈಟ್ ಬಿದ್ರೆ ನೆರಳೇ ಇಲ್ಲ, ನೆರಳಿಲ್ಲ ಅಂದ್ರೆ ಮರದ ಮೇಲಿನ ಗೀರೂ ಕಾಣೋದಿಲ್ಲ. ಒಂದು ಪೆಟ್ಟಿಗೆ ಮುಚ್ಚಳಕ್ಕೆ ಕೀಸುಳಿ ಹಾಕಿ ನುಣ್ಣಗಾಯ್ತು ಅಂತ ವಾರ್ನಿಶ್ ಹೊಡೆದೆ, ಒಣಗಿದ ಮೇಲೆ ಕಿಟಕಿ ಹತ್ರ ಹಿಡಿದ್ರೆ ಕೀಸುಳಿಯ ಅಂಚಿನ ಗೆರೆಗಳು ಸಾಲಾಗಿ ಎದ್ದು ಕೂತಿವೆ, ಒಂದು ಗಂಟಿನ ಸುತ್ತ ಎಳೆ ಕಿತ್ತಿದೆ.

ಅಂಕೋಲಾದಲ್ಲಿ ಪರಿಚಯದ ಆಚಾರ್ರೊಬ್ಬರು ಹಲಗೆ ಪರೀಕ್ಷೆ ಮಾಡೋವಾಗ ಯಾವತ್ತೂ ಬಾಗಿಲಿಗೆ ತಂದು, ಹೊರಗಿನ ಬೆಳಕು ಹಲಗೆ ಮೇಲೆ ತೆವಳೋ ಹಾಗೆ ಓರೆ ಹಿಡೀತಿದ್ರು. ನಾನು ನೋಡಿದ್ದೆ, ಯಾಕೆ ಅಂತ ಕೇಳಿರ್ಲಿಲ್ಲ. ಈಗ ಬೆಂಚಿನ ಎಡ ತುದಿಗೆ ಕಚ್ಚಿಸೋ ಕ್ಲಾಂಪ್ ಲ್ಯಾಂಪ್ ಹಾಕಿದೀನಿ, ಲ್ಯಾಂಪ್ 480, ಒಳಗೆ 7 ವ್ಯಾಟಿನ 3000 ಕೆಲ್ವಿನ್ ಬಲ್ಬು 120. ಇದನ್ನ ಹಲಗೆಯ ಮಟ್ಟಕ್ಕಿಂತ ಒಂದು ಗೇಣು ಮಾತ್ರ ಮೇಲಿರೋ ಹಾಗೆ ಇಳಿಸಿ, ಮೇಲಿನ ಲೈಟ್ ಎಲ್ಲ ಆರಿಸಿ ನೋಡೋದು. ಒಂದು ಕಾಗದದಷ್ಟು ಏರು ಇದ್ರೂ ಹಿಂದೆ ನೆರಳು ಬೀಳುತ್ತೆ, ಪೆನ್ಸಿಲಿಂದ ಗುರುತು ಮಾಡ್ಕೊಂಡು ಅಲ್ಲಷ್ಟೇ ಕೀಸುಳಿ ಹಾಕೋದು. ಬಲಗೈಯವರಿಗೆ ಎಡಗಡೆ, ಎಡಗೈಯವರಿಗೆ ಬಲಗಡೆ, ಇಲ್ಲಾಂದ್ರೆ ಕೈ ನೆರಳೇ ಬೀಳುತ್ತೆ. ಇಡೀ ಕೆಲಸದಲ್ಲಿ 600 ರೂಪಾಯಿಗೆ ಇಷ್ಟು ಲಾಭ ಬೇರೆ ಯಾವುದರಿಂದಲೂ ಆಗ್ಲಿಲ್ಲ, ದುಡ್ಡು ಕಡಿಮೆ ಇದ್ರೆ ಇದನ್ನೇ ಮೊದಲು ತಗೊಳ್ಳಿ ಅಂತೀನಿ.

3000 ಕೆಲ್ವಿನ್ ಹಾಕೋಕೆ ಇನ್ನೊಂದು ಕಾರಣ ಹಾತೆ. ಮಳೆ ಬಂದು ನಿಂತ ಸಂಜೆ ರೆಕ್ಕೆ ಗೆದ್ದಲು ಎಷ್ಟು ಬರ್ತವೆ ಅಂತ ಇಲ್ಲಿಯವರಿಗೆ ಹೇಳ್ಬೇಕಾಗಿಲ್ಲ, ಹಸಿ ವಾರ್ನಿಶ್ ಮೇಲೆ ಬಿದ್ರೆ ರೆಕ್ಕೆ ಅಲ್ಲೇ ಅಂಟಿ ಕೂರುತ್ತೆ, ತೆಗೆಯೋಕೆ ಹೋದ್ರೆ ಕಾಲೂ ಉಳಿಯುತ್ತೆ. ನೀಲಿ ಛಾಯೆಯ ಬಿಳಿ ಬೆಳಕಿಗೆ ಅವು ಜಾಸ್ತಿ ಬರ್ತವೆ, ಹಳದಿ ಬೆಳಕಿಗೆ ಕಡಿಮೆ. ವಾರ್ನಿಶ್ ದಿನ ಹಳದಿ ಲ್ಯಾಂಪ್ ಒಂದೇ, ಕಿಟಕಿಗೆ ಸೊಳ್ಳೆ ಪರದೆ ಬಿಗಿದು ಕೂರ್ತೀನಿ. ಪೂರ್ತಿ ನಿಲ್ಲಲ್ಲ, ತಡ್ಕೊಳ್ಳೋಕಾಗುತ್ತೆ.

ಕರೆಂಟ್ ಹೋದಾಗ

ಗಾಳಿಗೆ ಎಲ್ಲೋ ಒಂದು ಟೊಂಗೆ ಮುರಿದು ಲೈನ್ ಮೇಲೆ ಬಿತ್ತು ಅಂದ್ರೆ ಕತೆ ಮುಗೀತು. 12 ವೋಲ್ಟಿಂದು ತಗೊಂಡಿದ್ದರ ಲಾಭ ಇಲ್ಲಿ ಗೊತ್ತಾಯ್ತು. ಎರಡು ಪ್ರೊಫೈಲೂ ಸೇರಿ 23 ವ್ಯಾಟ್, ಅಂದ್ರೆ ಎರಡು ಆಂಪಿಯರ್ ಹತ್ರ. ಕಂಪ್ಯೂಟರಿನ ಯುಪಿಎಸ್‌ಗೆ ಹಾಕೋ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ 950ಕ್ಕೆ ತಂದು ಅಡಾಪ್ಟರಿನ ಪಿನ್ನನ್ನೇ ಇದಕ್ಕೂ ಕೊಟ್ಟೆ, ಕರೆಂಟ್ ಹೋದ್ರೆ ಒಂದು ಕಿತ್ತು ಇನ್ನೊಂದು ಚುಚ್ಚೋದು, ಇನ್ವರ್ಟರ್ ಬೇಡ. ಬ್ಯಾಟರಿ ಪಾಸಿಟಿವ್ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಹಾಕಿ, ಹೋಲ್ಡರ್ ಸೇರಿ 40 ರೂಪಾಯಿ, ಇದನ್ನ ಬಿಡ್ಬೇಡಿ, ಶಾರ್ಟ್ ಆದ್ರೆ ಈ ಸಣ್ಣ ಬ್ಯಾಟರಿ ವಯರನ್ನೇ ಕೆಂಪಗೆ ಕಾಯಿಸುತ್ತೆ. ಲೆಕ್ಕಕ್ಕೆ ಮೂರೂವರೆ ಗಂಟೆ ಬರ್ಬೇಕು, ಪೂರ್ತಿ ಖಾಲಿ ಮಾಡಿದ್ರೆ ಬ್ಯಾಟರಿ ಕೆಡುತ್ತೆ, ನಾನು ಎರಡು ಗಂಟೆಗೆ ನಿಲ್ಲಿಸ್ತೀನಿ.

ಖರ್ಚಿನ ಲೆಕ್ಕ: ಬೆಂಚಿನ ಲೈಟು, ಚೌಕಟ್ಟು, ಅಡಾಪ್ಟರ್ ಎಲ್ಲ 3200, ಅಡ್ಡ ಲ್ಯಾಂಪ್ 600, ಬ್ಯಾಟರಿ ಫ್ಯೂಸ್ 990, ಒಟ್ಟು 4790. ಗೋಡೆಯ ಬ್ಯಾಟನ್ 260 ಬೇರೆ. ಟೇಪು, ತಗಡಿನ ಎಸ್‌ಎಂಪಿಎಸ್, ಕ್ಲಿಪ್ ಸೇರಿ 820 ನೀರಿಗೆ ಹೋಯ್ತು, ಗೋಡೆ ಬಣ್ಣದ್ದು ನವೆಂಬರಲ್ಲಿ ಗೊತ್ತಾಗುತ್ತೆ.

ಸ್ಟ್ರಿಪ್ ಇನ್ನೂ ಎರಡೂವರೆ ಮೀಟರ್ ಮಿಕ್ಕಿದೆ, ಪ್ರೊಫೈಲ್ ತುಂಡೂ ಇವೆ. ಮಾಸ್ತರ್ರು ಮೊನ್ನೆ ಬ್ಯಾಟರಿ ಲೈಟ್ ನೋಡಿ ಹೋಗಿದ್ದಾರೆ, ಕೆಳಗೆ ಅಡುಗೆಮನೆ ಕಟ್ಟೆ ಮೇಲೆ ಇಂಥದ್ದೇ ಒಂದು ಬೇಕಂತೆ. ಅಲ್ಲಿ ಡ್ರಿಲ್ ಹಾಕ್ಬಹುದಂತೆ.